ಗಮನಕ್ಕನ ದನಿ ಮತ್ತು ಎರಡು ಪಿನ್ನಿನ ಅಡಾಪ್ಟರು

ಅಪ್ಪ ಅಮ್ಮ ಇಟ್ಟ ಹೆಸರು ಒಂದಿದ್ದರೂ ಅದೀಗ ಬ್ಯಾಂಕಿನವರ ಬಾಯಲ್ಲಿ ಮಾತ್ರ ಉಳಿದಿದೆ. ಬೀದಿಗೆಲ್ಲ ಆಕೆ ಗಮನಕ್ಕ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳುವ ಕೆಲಸದಲ್ಲಿ ಆಕೆಯ ಅರ್ಧ ಆಯುಸ್ಸು ಕಳೆದಿತ್ತು. ಬಾಯಿ ತೆರೆದರೆ "ಪ್ರಯಾಣಿಕರ ಗಮನಕ್ಕೆ" ಎಂದೇ ಶುರು. ಹಾಗಾಗಿ ಮೊದಲು ನಿಲ್ದಾಣದ ಹಮಾಲಿಗಳು, ಆಮೇಲೆ ಟೀ ಮಾರುವವರು, ಕೊನೆಗೆ ಸ್ವಂತ ಗಂಡನೂ ಗಮನಕ್ಕ ಎಂದೇ ಕರೆಯತೊಡಗಿದರು. ಕಟ್ಟಿಕೊಂಡ ಹೆಂಡತಿಯನ್ನು ಅಕ್ಕ ಅನ್ನುವುದೇ ಎಂದು ಯಾರಾದರೂ ಕೆಣಕಿದರೆ, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡ ಆ ಟೈಲರಪ್ಪ, "ಅದು ಸಂಬಂಧ ಅಲ್ರೀ, ಹುದ್ದೆ" ಎಂದು ಹೇಳಿ ಮತ್ತೆ ಕತ್ತರಿ ಆಡಿಸುತ್ತಿದ್ದ.

ದನಿ ಎಂಥದ್ದು ಅಂತೀರಿ? ಗಾಡಿ ತಡ ಎಂಬ ಸುದ್ದಿಯನ್ನು ಆಕೆ ಹೇಳಿದರೆ ಜನ ಬೈಯುವುದನ್ನು ಮರೆತು, ಬೆಂಚಿನ ಮೇಲೆ ಒಂಚೂರು ಜರುಗಿ ಪಕ್ಕದವರಿಗೂ ಜಾಗ ಕೊಡುತ್ತಿದ್ದರು. ಬಣ್ಣ, ಎತ್ತರ, ಕೂದಲು ಎಲ್ಲದರಲ್ಲೂ ಕೈ ಬಿಗಿ ಹಿಡಿದ ದೇವರು ಗಂಟಲಿನ ವಿಷಯದಲ್ಲಿ ಮಾತ್ರ ಧಾರಾಳಿಯಾದ ಎಂದು ಆಕೆಯೇ ಹೇಳಿಕೊಂಡು ನಗುತ್ತಿದ್ದಳು. ಹೆಮ್ಮೆ ಇತ್ತು, ಇರಬೇಕಾದದ್ದೇ. ಹೀಗಿರುವಾಗ ನಿಲ್ದಾಣಕ್ಕೆ ಕಂಪ್ಯೂಟರಿನ ದನಿ ಬಂದು ಕೂತಿತು. ಅದಕ್ಕೆ ನೆಗಡಿಯಿಲ್ಲ, ರಜೆಯಿಲ್ಲ, ಬಾಯಾರಿಕೆಯಿಲ್ಲ. ಗಮನಕ್ಕನನ್ನು ಯಾರೂ ಹೊರಗೆ ಹಾಕಲಿಲ್ಲ, ಪಾಪ. ಪ್ರಯಾಣಿಕರು ಮರೆತು ಹೋದ ಕೊಡೆ, ಚೀಲ, ಒಂಟಿ ಚಪ್ಪಲಿಗಳ ಕೋಣೆಯಲ್ಲಿ ಕೂರಿಸಿದರು. ನಿವೃತ್ತಿಯಾಗುವ ತನಕ ಆಕೆ ಅಲ್ಲಿ ಕೂತು, ಗೋಡೆಯಾಚೆಯಿಂದ ಬರುವ ಆ ದನಿಯನ್ನು ಕೇಳಿಸಿಕೊಳ್ಳಬೇಕಾಯಿತು. "ತಡವಾಗಿದ್ದಕ್ಕೆ ವಿಷಾದಿಸುತ್ತೇವೆ ಅನ್ನತ್ತೆ. ಅದರ ದನೀಲಿ ವಿಷಾದ ಎಲ್ಲಿದೆ ತೋರಿಸ್ರೀ?" ಎಂದು ಸಂಜೆ ಮನೆಗೆ ಬಂದು ಗಂಡನ ಮೇಲೆ ಹರಿಹಾಯುತ್ತಿದ್ದಳು. ಅವನು ಏನು ತೋರಿಸಿಯಾನು? ನಿವೃತ್ತಿಯಾದ ಮೇಲೆ ಮಗಳ ಮನೆಗೆ ಹೋಗುವುದಿದ್ದರೂ ಆಕೆ ಬಸ್ಸನ್ನೇ ಹಿಡಿದಳು.

ಆ ದನಿಗೆ ಮತ್ತೆ ಕೆಲಸ ಸಿಕ್ಕಿದ್ದು ದನಿ ಗ್ರಂಥಾಲಯದಿಂದ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಇಡುವ ಜಾಗ ಅದು. ಓದುವವರೆಲ್ಲ ಮನೆಯಲ್ಲೇ ಓದಿ ಕಳಿಸುತ್ತಾರೆ. ಬಂದದ್ದನ್ನೆಲ್ಲ ಕೂತು ಕೇಳಿ, ತಪ್ಪು ಒಪ್ಪು ನೋಡಿ, ಆಮೇಲೆ ಹಂಚುವವರು ಅಲ್ಲಿನ ಮೇಷ್ಟ್ರು. ಹುಟ್ಟಿನಿಂದಲೇ ಕಣ್ಣು ಕಾಣದವರು, ಮೊದಲು ಸಂಗೀತ ಹೇಳಿಕೊಡುತ್ತಿದ್ದರಂತೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಪ್ಪು ತೆಗೆಯುವವರು. ಮೊದಲ ಸಲ ಗಮನಕ್ಕ ಓದಿ ಕಳಿಸಿದ್ದನ್ನು ಕೇಳಿ ಫೋನ್ ಮಾಡಿದ್ದರು. "ಅಕ್ಕಾ, ನಿಮ್ಮ ಓದು ಕೇಳಿ ನಾನು ಟೀ ಕುಡಿಯೋದು ಮರೆತೆ. ಆರಿಹೋಯ್ತು. ಇನ್ನೊಂದು ಮಾಡಿಸಿಕೊಂಡೆ." ಆ ಒಂದು ಮಾತಿಗೆ ಗಮನಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮನೆಯ ಮುಂದಿನ ಕೋಣೆಯೇ ಟೈಲರಪ್ಪನ ಅಂಗಡಿ. ಹಿಂದೆ, ಹೊಲಿದು ಮುಗಿದ ಬಟ್ಟೆಗಳನ್ನು ನೇತುಹಾಕುವ ಸಣ್ಣ ಕೋಣೆ. ಎರಡೂ ಕಡೆ ಕೋಟುಗಳು, ಶಾಲೆಯ ಸಮವಸ್ತ್ರಗಳು, ಮೇಲಿಂದ ಕೆಳಗೆ ಒತ್ತೊತ್ತಾಗಿ. ಬಟ್ಟೆಗೆ ಸದ್ದು ಕುಡಿಯುವ ಗುಣವಿದೆ. ಆ ಕೋಣೆಯಲ್ಲಿ ಮಾತಾಡಿದರೆ ಮಾತು ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪು, ಅದಕ್ಕೆ ಗ್ರಂಥಾಲಯದವರು ಕೊಟ್ಟ ಪುಟ್ಟ ಮೈಕು, ಯಾರದೋ ಕೋಟಿನ ತೋಳು ಭುಜಕ್ಕೆ ತಾಗುವಂತೆ ಸ್ಟೂಲಿನ ಮೇಲೆ ಗಮನಕ್ಕ. ಲ್ಯಾಪ್‌ಟಾಪು ಮಗಳದ್ದು. ಅವಳು ಹೊಸದು ಕೊಂಡಾಗ ಹಳೆಯದನ್ನು ಅಮ್ಮನಿಗೆ ದಾಟಿಸಿದ್ದಳು. ಬ್ಯಾಟರಿಗೆ ವಯಸ್ಸಾಗಿತ್ತು. ವೈರು ಕಿತ್ತರೆ ಒಂದು ಅಧ್ಯಾಯ ಮುಗಿಸುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಅದಕ್ಕೇ ಯಾವಾಗಲೂ ಪ್ಲಗ್ಗಿಗೆ ಕಟ್ಟಿಹಾಕಿದ ಸ್ಥಿತಿ ಅದರದ್ದು.

ಗಂಡ ಹೆಂಡಿರ ನಡುವೆ ಒಂದು ಒಪ್ಪಂದವಿತ್ತು. ಗಮನಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳೆಂದರೆ ಹೊಲಿಗೆ ಯಂತ್ರ ನಿಲ್ಲಬೇಕು. ಆಗ ಟೈಲರಪ್ಪ ಕೈಕೆಲಸ ಹಿಡಿಯುತ್ತಿದ್ದ. ಕಾಜ, ಗುಂಡಿ, ಪ್ಯಾಂಟಿನ ಅಂಚು ಮಡಿಸಿ ಹೊಲಿಯುವುದು. ಹೆಂಗಸರ ಅಳತೆ ತೆಗೆಯುವ ಕೆಲಸ ಗಮನಕ್ಕನದ್ದಾದ್ದರಿಂದ, ಅಂಥ ಗಿರಾಕಿ ಬಂದರೆ ಬಾಗಿಲನ್ನು ಮೆಲ್ಲಗೆ ತಟ್ಟುತ್ತಿದ್ದ.

ಗಮನಕ್ಕನಿಗೆ ಒಂದು ಚಾಳಿ. ತಾನು ಓದಿದ್ದನ್ನು ತಾನು ಕೇಳುತ್ತಿರಲಿಲ್ಲ. ನಿಲ್ದಾಣದಲ್ಲಿ ಅಂಟಿದ್ದು ಅದು. ಹೇಳಿದ್ದು ಹೇಳಿಯಾಯಿತು, ಗಾಡಿ ಹೋಯಿತು, ಇನ್ನೇನು ಕೇಳುವುದು? ಓದಿ ಮುಗಿದ ಕೂಡಲೇ ಮೇಷ್ಟ್ರಿಗೆ ಕಳಿಸಿ, ಕೈ ತೊಳೆದುಕೊಂಡು ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದಳು. ತಪ್ಪಿದ್ದರೆ ಅವರು ಹೇಳುತ್ತಾರೆ, ಆ ಭಾಗವನ್ನಷ್ಟೇ ಮತ್ತೆ ಓದಿ ಕಳಿಸುವುದು. ಈ ಚಾಳಿಯೇ ಆಕೆಯನ್ನು ಆಟವಾಡಿಸಿತು ನೋಡಿ.

ಆಗ ಓದುತ್ತಿದ್ದದ್ದು ಒಂದು ದಪ್ಪ ಕಾದಂಬರಿ. ದೋಣಿ ಕಟ್ಟುವವನೊಬ್ಬ, ಅವನಿಗೊಬ್ಬ ತಮ್ಮ. ಮಾತಿಗೆ ಮಾತು ಬೆಳೆದು ತಮ್ಮ ಮನೆ ಬಿಟ್ಟು, ಅಣ್ಣನೇ ಕಟ್ಟಿದ ದೋಣಿ ಹತ್ತಿ ಹೋಗಿಬಿಟ್ಟಿದ್ದಾನೆ. ವಾಪಸು ಬರುತ್ತಾನೋ ಇಲ್ಲವೋ? ಗ್ರಂಥಾಲಯದ ಕೇಳುಗರೆಲ್ಲ ಇದೇ ಪ್ರಶ್ನೆ ಹಿಡಿದು ಮೇಷ್ಟ್ರ ಪ್ರಾಣ ತಿನ್ನುತ್ತಿದ್ದರು.

ಅಂಥ ಹೊತ್ತಿನಲ್ಲೇ ಟೈಲರಪ್ಪ ಆ ಕೆಲಸ ಮಾಡಿದ್ದು. ಮುಂದಿನ ಮೇಜಿನ ಮೇಲೆ ಜಾಗವಿಲ್ಲವೆಂದು ಕಪ್ಪು ಕೋಟಿನ ಬಟ್ಟೆಯನ್ನು ಇಸ್ತ್ರಿ ಮೇಜಿನ ಮೇಲೆ ಹರಡಿ ಕತ್ತರಿಸುತ್ತಿದ್ದ. ಬಟ್ಟೆಯೂ ಕಪ್ಪು, ಅಡಾಪ್ಟರಿನ ವೈರೂ ಕಪ್ಪು. 'ಟಪ್' ಎಂದಿತು. ಗಮನಕ್ಕ ಓಡಿ ಬಂದಳು. ಟೈಲರಪ್ಪ ಒಂದು ಕೈಯಲ್ಲಿ ತೋಳಿನ ಬಟ್ಟೆ, ಇನ್ನೊಂದು ಕೈಯಲ್ಲಿ ವೈರಿನ ತುಂಡು ಹಿಡಿದು ನಿಂತಿದ್ದ.

"ತೋಳು ಕತ್ತರಿಸ್ತಾ ಇದ್ದೆ ಕಣೇ. ಇದೂ ಜೊತೇಲಿ ಬಂತು."

"ಅಳತೆ ಸರಿಯಾಗಿದೆಯಾ ನೋಡ್ಕೊಳ್ಳಿ. ಉದ್ದ ಆದ್ರೆ ಮಡಿಸಿ ಹೊಲೀಬಹುದು" ಎಂದಳು ಗಮನಕ್ಕ. ಬೈಯಬೇಕೆಂದೇ ಬಂದವಳು, ಆದರೆ ಅವನ ಮುಖ ನೋಡಿ ನಗು ಬಂದುಬಿಟ್ಟಿತು.

ತಪ್ಪು ಮಾಡಿದವನ ಚುರುಕು ಬೇರೆಯೇ. ಟೈಲರಪ್ಪ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಹೋದವನು, ಎದುರು ಸಾಲಿನ ಜೆರಾಕ್ಸ್ ಅಂಗಡಿಯವನ ಹತ್ತಿರ ಮೂಲೆಗೆ ಬಿದ್ದಿದ್ದ ಒಂದು ಅಡಾಪ್ಟರನ್ನು ಹಿಡಿದುಕೊಂಡೇ ಬಂದ. ಅದರ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಆದರೆ ವೋಲ್ಟು ಹಳೆಯದರಷ್ಟೇ, ಪಿನ್ನೂ ಹೇಳಿ ಮಾಡಿಸಿದ ಹಾಗೆ ಕೂತಿತು, ಲ್ಯಾಪ್‌ಟಾಪಿನ ದೀಪ ಹೊತ್ತಿತು. ಗೋಡೆಗೆ ಸಿಕ್ಕಿಸುವ ಕಡೆ ಹಳೆಯದಕ್ಕೆ ಮೂರು ಕಾಲು, ಇದಕ್ಕೆ ಎರಡೇ. "ನಾವೂ ಎರಡೇ ಕಾಲಿನ ಮೇಲೆ ನಿಂತಿಲ್ವಾ?" ಎಂದು ಟೈಲರಪ್ಪ ಆ ವ್ಯತ್ಯಾಸವನ್ನು ಅಲ್ಲಿಗೇ ಮುಗಿಸಿದ. ಪಿನ್ನು ಕೂತರೆ ಎಲ್ಲ ಕೂತಿತು ಎಂದುಕೊಳ್ಳುವ ಜನ ನಾವು. ಅವನೊಬ್ಬನನ್ನು ಅಂದು ಏನು ಪ್ರಯೋಜನ?

ಗಮನಕ್ಕ ಓದಿದಳು, ಕಳಿಸಿದಳು. ಮರುದಿನ ಮೇಷ್ಟ್ರ ಫೋನು.

"ಅಕ್ಕಾ, ಆರೋಗ್ಯ ಹೇಗಿದೆ?"

ಮೇಷ್ಟ್ರು ಆರೋಗ್ಯ ಕೇಳುವ ಪೈಕಿಯವರಲ್ಲ. ಗಮನಕ್ಕನ ಕಿವಿ ನೆಟ್ಟಗಾಯಿತು. "ಚೆನ್ನಾಗೇ ಇದೀನಿ. ಯಾಕೆ ಮೇಷ್ಟ್ರೇ?"

"ಏನಿಲ್ಲ. ದನಿಯ ಕೆಳಗೆ ಏನೋ ಗುಂಯ್ ಅಂತಿದೆ. ಬಹಳ ಸಣ್ಣಕೆ. ಒಮ್ಮೊಮ್ಮೆ ಕಡಿಮೆ ಆಗತ್ತೆ, ಆಮೇಲೆ ಮತ್ತೆ ಬರತ್ತೆ. ನೆಗಡಿ ಗಿಗಡಿ ಏನಾದ್ರೂ..." ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತು ಮುಗಿಸಿದರು. ಒಳ್ಳೆಯ ಮನುಷ್ಯರಲ್ಲಿ ಇದೊಂದು ದೋಷ. ನೇರವಾಗಿ ಅಂದರೆ ಎದುರಿನವರಿಗೆ ನೋಯುತ್ತದೆಂದು ಅರ್ಧ ಹೇಳಿ ಬಿಡುತ್ತಾರೆ, ಉಳಿದರ್ಧವನ್ನು ನಾವು ನಮ್ಮ ಭಯದಿಂದ ತುಂಬಿಕೊಳ್ಳುತ್ತೇವೆ.

ಗಮನಕ್ಕ ತುಂಬಿಕೊಂಡಳು. ಗುಂಯ್ ಅನ್ನುತ್ತಿರುವುದು ತನ್ನ ಎದೆಯೇ ಎಂದು ಆಕೆಗೆ ಆ ಕ್ಷಣವೇ ಖಾತ್ರಿಯಾಯಿತು. ನಿಲ್ದಾಣದಲ್ಲಿ ಆಕೆಗಿಂತ ಮೊದಲಿದ್ದ ಅನೌನ್ಸರಮ್ಮನಿಗೂ ಕೊನೆಗೆ ಎದೆ ಗೊರಗೊರ ಅನ್ನುತ್ತಿತ್ತು, ಹಾಗೆಯೇ ದನಿ ಹೋಯಿತು. ಸಾಲದ್ದಕ್ಕೆ ಈಚೆಗೆ ಬೆರಳ ತುದಿಯಲ್ಲಿ ಜುಮ್ ಜುಮ್ ಬೇರೆ ಆಗುತ್ತಿತ್ತು. ಲ್ಯಾಪ್‌ಟಾಪಿನ ಅಂಚಿನ ಮೇಲೆ ಕೈ ಊರಿದಾಗಲೆಲ್ಲ ಇರುವೆ ಹರಿದ ಹಾಗೆ. ಓದುವಾಗಲೇ ಆಗುತ್ತದೆ, ಪಾತ್ರೆ ತೊಳೆಯುವಾಗ ಆಗುವುದಿಲ್ಲ. ಇದರಿಂದ ಯಾರಿಗಾದರೂ ಏನಾದರೂ ಹೊಳೆಯಬೇಕಿತ್ತು. ಆಕೆಗೆ ಹೊಳೆದದ್ದು, ಓದುವಾಗ ಉಸಿರು ಸಾಲದೆ ಬೆರಳಿಗೆ ರಕ್ತ ಹೋಗುತ್ತಿಲ್ಲ ಎಂದು.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರಮ್ಮ ಎದೆಗೆ, ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು, ಉಸಿರು ಎಳೆಸಿ, ಬಿಡಿಸಿ ನೋಡಿದರು. "ಏನೂ ಇಲ್ಲಮ್ಮ. ಎದೆ ಗಟ್ಟಿಯಾಗಿದೆ."

"ಗುಂಯ್ ಅಂತ ಕೇಳಿಸಲ್ವಾ?"

"ಇಲ್ವಲ್ಲ."

"ಸ್ವಲ್ಪ ಕೆಳಗೆ ಇಟ್ಟು ನೋಡಿ ಡಾಕ್ಟ್ರೇ."

ಡಾಕ್ಟರಮ್ಮ ಕೆಳಗೂ ಇಟ್ಟು ನೋಡಿದರು. ಏನೂ ಇಲ್ಲ ಎಂದರೆ ಒಪ್ಪುವವಳೇ ಗಮನಕ್ಕ? ಕಾಯಿಲೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದವಳ ಹಾಗೆ ಕೂತೇ ಇದ್ದಳು. ಕೊನೆಗೆ ಡಾಕ್ಟರಮ್ಮ ಆಕೆಯ ಸಮಾಧಾನಕ್ಕೆ ಒಂದು ಕೆಮ್ಮಿನ ಔಷಧಿ, ಬೆರಳಿಗೆಂದು ಒಂದು ಶಕ್ತಿಯ ಮಾತ್ರೆ ಬರೆದುಕೊಟ್ಟರು.

ಮನೆಗೆ ಬಂದು ಗಂಡನ ಎದುರು ಬೆನ್ನು ತಿರುಗಿಸಿ ನಿಂತಳು. "ಕಿವಿ ಇಟ್ಟು ಕೇಳಿ. ನಿಮಗೆ ಏನು ಕೇಳತ್ತೆ ಹೇಳಿ."

ಟೈಲರಪ್ಪ ಕನ್ನಡಕ ತೆಗೆದಿಟ್ಟು, ಬೆನ್ನಿಗೆ ಕಿವಿ ಹಚ್ಚಿ ನಿಂತ. ಬಹಳ ಹೊತ್ತು ಹಾಗೇ ನಿಂತ.

"ಏನಾದ್ರೂ ಕೇಳ್ತಾ?"

"ತಡಿಯೇ. ಈಗಷ್ಟೇ ಹಿತವಾಗಿದೆ."

ಹೊರಗಿನಿಂದ ಗಿರಾಕಿಯೊಬ್ಬ ಒಳಗೆ ಇಣುಕಿ, ಹಾಗೇ ಹಿಂದಕ್ಕೆ ಹೋದ. ಗಮನಕ್ಕ ಗಂಡನ ತಲೆಯನ್ನು ತಳ್ಳಿದಳು. ಆಮೇಲೆ, ತನ್ನ ಜನ್ಮದಲ್ಲಿ ಮಾಡದ ಕೆಲಸವನ್ನೂ ಒಮ್ಮೆ ಮಾಡಿದಳು. ತಾನು ಓದಿದ್ದರಲ್ಲಿ ಒಂಚೂರನ್ನು ಫೋನಿನಲ್ಲಿ ಹಾಕಿ ಕೇಳಿದಳು. ಫೋನಿನ ಸ್ಪೀಕರು ಎಷ್ಟು ದೊಡ್ಡದು? ಅಂಥ ಸಣ್ಣ ಗುಂಯ್‌ಗುಡುವಿಕೆಯನ್ನು ಎತ್ತಿ ಕೊಡುವ ತಾಕತ್ತು ಅದಕ್ಕಿಲ್ಲ. ಮೇಷ್ಟ್ರು ಕಿವಿ ತುಂಬ ಕೂರುವ ದೊಡ್ಡ ಹೆಡ್‌ಫೋನಿನಲ್ಲಿ ಕೇಳುವವರು. ಇದು ಗಮನಕ್ಕನಿಗೆ ಗೊತ್ತಿಲ್ಲ. ಏನೂ ಕೇಳಿಸದಿದ್ದಾಗ ಆಕೆ, "ನನ್ನ ಕಿವೀನೂ ಹೋಯ್ತು" ಎಂದು ಅದನ್ನೂ ಕಾಯಿಲೆಗಳ ಸಾಲಿಗೆ ಸೇರಿಸಿದಳು.

ಅದೇ ವಾರ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಗಮನಕ್ಕ ಔಷಧಿ ಕುಡಿದು, ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಓದಿ ಕಳಿಸಿದಳು. ಮೇಷ್ಟ್ರು ಖುಷಿಯಲ್ಲಿ ಕೂಗಿಯೇಬಿಟ್ಟರು. "ಅಕ್ಕಾ, ಇವತ್ತು ತಿಳಿನೀರು! ಏನು ತಗೊಂಡ್ರಿ?"

"ಕೆಮ್ಮಿನ ಔಷಧಿ ಮೇಷ್ಟ್ರೇ!"

ಮುಗಿಯಿತಲ್ಲ. ಆ ಸೀಸೆಗೆ ಮನೆಯಲ್ಲಿ ದೇವರ ಸ್ಥಾನ ಬಂತು. ಆದರೆ ಕರೆಂಟೂ ಬಂತು. ಮರುದಿನದ ಓದಿನಲ್ಲಿ ಗುಂಯ್ ಎನ್ನುವುದೂ ತಿರುಗಿ ಬಂತು. ಗಮನಕ್ಕ ಬಿಸಿ ಉಪ್ಪುನೀರು ಮುಕ್ಕಳಿಸಿದಳು, ಮುಸುಕು ಹಾಕಿ ಹಬೆ ತೆಗೆದುಕೊಂಡಳು, ಮಾತು ಕಡಿಮೆ ಮಾಡಿದಳು. ಮನೆಯಲ್ಲಿ ಕೈಸನ್ನೆಯಲ್ಲೇ ಸಂಸಾರ. ಆಕೆ ಉಪ್ಪಿಗೆ ಸನ್ನೆ ಮಾಡಿದರೆ ಟೈಲರಪ್ಪ ನೀರು ತರುತ್ತಿದ್ದ.

ಆಮೇಲೆ ಬಂದ ಫೋನಿನಲ್ಲಿ ಮೇಷ್ಟ್ರ ದನಿ ಕೆಳಗಿತ್ತು. "ಅಕ್ಕಾ, ಹೇಗೆ ಹೇಳಲಿ ತಿಳೀತಿಲ್ಲ. ನಮ್ಮ ಗ್ರಂಥಾಲಯದ ಸಮಿತಿಯವರು ಓದೋ ಕಂಪ್ಯೂಟರ್ ತರಿಸಿದ್ದಾರೆ. ಈ ಕಾದಂಬರಿ ತಡ ಆಗ್ತಿದೆ, ಉಳಿದದ್ದನ್ನ ಅದಕ್ಕೇ ಓದಿಸಿ ಅಂತಿದ್ದಾರೆ. ನಾನು ಹೇಗೋ ತಡೆದಿದ್ದೀನಿ. ಈ ಶುಕ್ರವಾರದ ಒಳಗೆ ಒಂದು, ಒಂದೇ ಒಂದು ಚೊಕ್ಕ ಅಧ್ಯಾಯ ಕಳಿಸಿ. ನಾನು ಅವರ ಬಾಯಿ ಮುಚ್ಚಿಸ್ತೀನಿ."

ಗಮನಕ್ಕ ಫೋನಿಟ್ಟು, ಕೋಟುಗಳ ನಡುವೆ ಹೋಗಿ ಕೂತಳು. ಒಮ್ಮೆ ಕಳೆದುಕೊಂಡದ್ದನ್ನು ಎರಡನೆಯ ಸಲ ಕಳೆದುಕೊಳ್ಳುವುದು ಹೆಚ್ಚು ಕಷ್ಟ. ಮೊದಲ ಸಲ ಬೈಯುವುದಕ್ಕೆ ಒಂದು ಯಂತ್ರವಾದರೂ ಇತ್ತು. ಈ ಸಲ ತನ್ನ ಮೈಯೇ ಕೈಕೊಟ್ಟಿದೆ ಎಂದ ಮೇಲೆ ಯಾರನ್ನು ಬೈಯುವುದು? ಅತ್ತಳು. ಅತ್ತರೆ ಗಂಟಲು ಕಟ್ಟುತ್ತದೆಂದು ನೆನಪಾಗಿ ಅಳುವುದನ್ನೂ ನಿಲ್ಲಿಸಿದಳು. ಕಂಪ್ಯೂಟರಿನ ಸುದ್ದಿ ತಿಳಿದ ಟೈಲರಪ್ಪ ಟೀ ತಂದಿಟ್ಟು, ಹೋಗಿ ಯಂತ್ರದ ಮುಂದೆ ಕೂತ. ಆದರೆ ಯಂತ್ರ ತುಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಆಕೆ ಓದಲು ಕೂತಳು. ತಮ್ಮನ ದೋಣಿ ಮುಳುಗಿತೆಂಬ ಸುದ್ದಿ ಬಂದು, ಅಣ್ಣ ಅದನ್ನು ನಂಬದೆ ದಡದಲ್ಲಿ ದೀಪ ಹಚ್ಚಿಡುವ ಅಧ್ಯಾಯ. ಜೀವ ಹಿಡಿದು ಓದುತ್ತಿದ್ದಳು. ನಡುವೆ ಬಾಗಿಲು ಮೆಲ್ಲಗೆ ತಟ್ಟಿದ ಸದ್ದು. ಅಳತೆ ಕೊಡುವುದಕ್ಕೆ ಒಬ್ಬ ಹೆಂಗಸು ಬಂದಿದ್ದಳು. ಗಮನಕ್ಕ ಎದ್ದು ಹೊರಗೆ ಹೋದಳು, ಮುಂದಿನ ಕೋಣೆಯ ಪರದೆ ಎಳೆದು ಅಳತೆ ತೆಗೆದಳು, ತೋಳು ಉದ್ದವೋ ಗಿಡ್ಡವೋ ಎಂದು ಮಾತಾಡಿದಳು. ಅಷ್ಟು ಹೊತ್ತೂ ಟೈಲರಪ್ಪ ವಾಡಿಕೆಯಂತೆ ಒಳಗಿನ ಕೋಣೆಗೆ ಹೋಗಿ ನಿಂತಿದ್ದ. ಆಕೆ ವಾಪಸು ಬಂದು, ಬಿಟ್ಟಲ್ಲಿಂದ ಓದಿ ಮುಗಿಸಿ, ಎಂದಿನಂತೆ ಕೇಳದೆಯೇ ಕಳಿಸಿಬಿಟ್ಟಳು. ಎದ್ದು ಹೋಗುವಾಗ ರೆಕಾರ್ಡಿಂಗ್ ನಿಲ್ಲಿಸಿದೆನೆಂದೇ ಆಕೆ ತಿಳಿದಿದ್ದಳು. ನಿಲ್ಲಿಸಿರಲಿಲ್ಲ.

ಅನ್ನಕ್ಕೆ ಇಡುವಷ್ಟರಲ್ಲಿ ಮೇಷ್ಟ್ರ ಫೋನು.

"ಅಕ್ಕಾ, ಕೂತಿದ್ದೀರಾ?"

ಗಮನಕ್ಕ ಒಲೆ ಸಣ್ಣ ಮಾಡಿದಳು. "ಹೇಳಿಬಿಡಿ ಮೇಷ್ಟ್ರೇ. ನಂಗೊತ್ತು."

"ಏನೂ ಗೊತ್ತಿಲ್ಲ ನಿಮಗೆ. ನೀವು ಓದ್ತಾ ಓದ್ತಾ ಎದ್ದು ಹೋದ್ರಿ. ಸ್ಟೂಲು ಸರಿದ ಸದ್ದು ಬಂತು, ಬಾಗಿಲ ಸದ್ದು ಬಂತು. ನೀವು ಹೊರಗೆ ಯಾರ ಜೊತೆಗೋ ತೋಳಿನ ವಿಷಯ ಮಾತಾಡ್ತಾ ಇದ್ರಿ. ನೀವು ಹೊರಗಿದ್ರಿ ಅಕ್ಕಾ, ಗುಂಯ್ ಅನ್ನೋದು ಒಳಗೇ ಇತ್ತು!"

"ಅಂದ್ರೆ?"

"ಅಂದ್ರೆ ಅದು ನಿಮ್ಮ ಎದೆ ಅಲ್ಲ. ಎದೆ ಬಿಟ್ಟು ಯಾರಾದ್ರೂ ಅಳತೆ ತೆಗೆಯೋಕೆ ಹೋಗ್ತಾರಾ?"

ಗಮನಕ್ಕ ಸೌಟು ಹಿಡಿದ ಕೈಯಲ್ಲೇ ಅಡುಗೆಮನೆಯಿಂದ ಮುಂದಿನ ಕೋಣೆಗೆ ಓಡಿದಳು. "ರೀ, ನಾನಲ್ವಂತೆ! ನಾನಿಲ್ಲದೇನೂ ಗುಂಯ್ ಅಂತಿತ್ತಂತೆ!" ಟೈಲರಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಹೆಂಡತಿ ದಿನಗಟ್ಟಲೆ ಆದ ಮೇಲೆ ಬಾಯಿಬಿಟ್ಟು ಕೂಗಿದ್ದು ಕೇಳಿಯೇ ಅವನ ಮುಖ ಅರಳಿತು.

ಆಮೇಲೆ ನಡೆದದ್ದು ಕಳ್ಳನ ಹುಡುಕಾಟ. ಮೇಷ್ಟ್ರು ಅಲ್ಲಿ ಹೆಡ್‌ಫೋನು ಹಾಕಿ ಕೂತರು. ಇಲ್ಲಿ ಗಂಡ ಹೆಂಡಿರು ಒಂದೊಂದನ್ನೇ ಆರಿಸುತ್ತ, ಒಂದು ವಾಕ್ಯ ಓದಿ ಕಳಿಸುತ್ತ ಹೋದರು. ಫ್ಯಾನು ಆರಿಸಿದರು, "ಇದೆ" ಎಂದರು ಮೇಷ್ಟ್ರು. ಟ್ಯೂಬ್‌ಲೈಟು ಆರಿಸಿದರು, ಇದೆ. ಫ್ರಿಜ್ಜು ಆರಿಸಿದರು, ಇದೆ. ಟೈಲರಪ್ಪ ಗೋಡೆಯ ಗಡಿಯಾರವನ್ನೂ ಇಳಿಸಿದ. ಕೊನೆಗೆ ಆರಿಸಲು ಏನೂ ಉಳಿಯದೆ ಅವನು ಅಡಾಪ್ಟರಿನ ಪ್ಲಗ್ಗಿಗೇ ಕೈ ಹಾಕಿ ಕಿತ್ತ. ಗಮನಕ್ಕ ಒಂದು ವಾಕ್ಯ ಓದಿ ಕಳಿಸಿದಳು.

ಈ ಸಲ ಮೇಷ್ಟ್ರು "ಇದೆ" ಎನ್ನಲಿಲ್ಲ. ಬದಲಿಗೆ ಕೇಳಿದರು. "ಈಗ ಏನು ತೆಗೆದ್ರಿ?"

ಜೆರಾಕ್ಸಿನವನನ್ನು ಟೈಲರಪ್ಪ ಅಂಗಡಿಯಿಂದಲೇ ಕೂಗಿ ಕರೆದ. ಬಂದವನು ಅಡಾಪ್ಟರನ್ನು ತಿರುಗಿಸಿ ನೋಡಿ, ತಲೆ ಕೆರೆದುಕೊಂಡು, "ಇದಕ್ಕೆ ಅರ್ಥಿಂಗ್ ಇಲ್ಲ ಅಣ್ಣ. ಮೂರನೇ ಪಿನ್ ಇಲ್ವಲ್ಲ, ಹಾಗಾಗಿ ಕರೆಂಟು ಒಂಚೂರು ಲ್ಯಾಪ್‌ಟಾಪಿನ ಮೈಮೇಲೆ ಬರತ್ತೆ, ಮೈಕಿಗೂ ಅದೇ ಗುಂಯ್ ಅಂತ ಸೇರತ್ತೆ. ನಂಗೂ ಕೈ ಜುಮ್ ಅಂತಿತ್ತು. ಅದಕ್ಕೇ ಮೂಲೆಗೆ ಎಸೆದಿದ್ದೆ" ಎಂದ.

"ಹಾಗಿದ್ರೆ ನಮಗ್ಯಾಕೆ ಕೊಟ್ಟೆ?"

"ನೀವು ಕೇಳಿದ್ರಲ್ಲ!"

ಗಮನಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎದೆಗೆ ಔಷಧಿ, ಬೆರಳಿಗೆ ಮಾತ್ರೆ, ಗಂಟಲಿಗೆ ಹಬೆ, ಇಷ್ಟೆಲ್ಲ ಕುಡಿದು ನುಂಗಿ ಉಸಿರಾಡಿದ್ದು ಅಡಾಪ್ಟರಿನ ಕಾಯಿಲೆಗೆ! ಅದೇ ಸಂಜೆ ಟೈಲರಪ್ಪ ಲ್ಯಾಪ್‌ಟಾಪನ್ನೇ ಕಂಕುಳಲ್ಲಿಟ್ಟುಕೊಂಡು ಪೇಟೆಗೆ ಹೋಗಿ, ಅದರದ್ದೇ ಕಂಪನಿಯ ಮೂರು ಪಿನ್ನಿನ ಅಡಾಪ್ಟರು ತಂದ. ಅದರ ವೈರಿಗೆ ಉದ್ದಕ್ಕೂ ಕೆಂಪು ಬಟ್ಟೆಯ ಪಟ್ಟಿ ಸುತ್ತಿ ಹೊಲಿದುಬಿಟ್ಟ, ಕತ್ತರಿಗೆ ಕಾಣಲಿ ಎಂದು. ಶುಕ್ರವಾರದ ಅಧ್ಯಾಯ ಚೊಕ್ಕವಾಗಿ ಹೋಯಿತು. ಸಮಿತಿಯವರ ಬಾಯಿ ಮುಚ್ಚಿತು ಎಂದು ಮೇಷ್ಟ್ರು ಹೇಳಿದರು. ಗುಂಯ್ ಎನ್ನುವ ಅಧ್ಯಾಯಗಳನ್ನೆಲ್ಲ ಮತ್ತೆ ಮೊದಲಿಂದ ಓದಬೇಕಾಯಿತು. ಇನ್ನೊಬ್ಬರಾದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರೇನೋ. ಗಮನಕ್ಕನಿಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು. ಆದರೆ ಮೇಷ್ಟ್ರ ಹತ್ತಿರ ಇನ್ನೊಂದು ಉಳಿದಿತ್ತು. "ಅಕ್ಕಾ, ಆ ಗುರುವಾರದ್ದರಲ್ಲಿ ಒಂದು ತುಂಡು ಕತ್ತರಿಸಿ ಇಟ್ಟಿದ್ದೀನಿ. ಅಳಿಸೋಕೆ ಮನಸ್ಸು ಬರಲಿಲ್ಲ. ಕಳಿಸ್ತೀನಿ. ಒಬ್ರೇ ಇದ್ದಾಗ ಕೇಳಿ, ಹಾಗೇ ಬಿಟ್ಟುಬಿಡಬೇಡಿ" ಎಂದರು.

ಟೈಲರಪ್ಪ ನೂಲು ತರಲು ಹೋದಾಗ ಗಮನಕ್ಕ ಅದನ್ನು ಫೋನಿನಲ್ಲಿ ಹಾಕಿದಳು. ಮೊದಲು ಬಾಗಿಲಿನ ಸದ್ದು, ಆಮೇಲೆ ಚಪ್ಪಲಿಯ ಸದ್ದು. ಯಾರೋ ಪುಸ್ತಕದ ಹಾಳೆ ಮುಟ್ಟಿದರು. ಆಮೇಲೆ ಟೈಲರಪ್ಪನ ದನಿ. ಓದಿನ ರೂಢಿಯಿಲ್ಲದ ಮನುಷ್ಯ, ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಿದ್ದಾನೆಂದು ದನಿಯಲ್ಲೇ ಗೊತ್ತಾಗುತ್ತಿತ್ತು. "ದೀಪ... ಆರ... ಆರಲು ಬಿಡ... ಬಿಡಬಾರದೆಂದು..." ಅಷ್ಟಕ್ಕೆ ಸಾಕಾಯಿತು. ಒಂದು ನಿಟ್ಟುಸಿರು. "ಛೇ, ಅವಳು ಓದಿದ ಹಾಗೆ ಆಗಲ್ಲ." ಆಮೇಲೆ, ಎದುರಿಗೆ ತೂಗುವ ಕೋಟುಗಳಿಗೆ ಹೇಳಿದ ಹಾಗೆ, "ಇನ್ಮೇಲೆ ಕಂಪ್ಯೂಟರ್ ಓದತ್ತಂತೆ, ಅಲ್ಲಿರೋರಿಗೆ. ನಂಗೆ ಯಾರು ಓದ್ತಾರೆ?"

ಗಮನಕ್ಕ ಅದನ್ನು ಮತ್ತೊಮ್ಮೆ ಹಾಕಿ ಕೇಳಿದಳು. ಬಾಗಿಲಾಚೆ ಯಂತ್ರ ನಿಲ್ಲುತ್ತಿದ್ದದ್ದು ಒಪ್ಪಂದಕ್ಕೆ ಕಟ್ಟುಬಿದ್ದು ಎಂದೇ ಆಕೆ ಇಷ್ಟು ವರ್ಷ ತಿಳಿದಿದ್ದಳು. ಕಾಜ ಹೊಲಿಯುತ್ತ ಅವನು ಬಾಗಿಲಿಗೆ ಒರಗಿ ಕೂತು ಪುಸ್ತಕದ ಮೇಲೆ ಪುಸ್ತಕ ಕೇಳಿದ್ದಾನೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವನು ಹೇಳಲಿಲ್ಲ, ಆಕೆ ಕೇಳಲಿಲ್ಲ. ಗಂಡ ಹೆಂಡಿರೆಂದ ಮೇಲೆ ಎಲ್ಲ ಗೊತ್ತಿದೆ ಎಂಬ ಧೈರ್ಯದಲ್ಲಿ ಎಷ್ಟೋ ಗೊತ್ತಾಗದೆ ಉಳಿಯುತ್ತದೆ. ಗಂಟಲು ಕಟ್ಟಿತು. ಈ ಸಲ ಕಟ್ಟಲಿ ಬಿಡು ಎಂದುಕೊಂಡಳು.

ಮರುದಿನ ಓದಲು ಹೋಗುವಾಗ ಆಕೆ ಎರಡನೆಯ ಸ್ಟೂಲನ್ನೂ ಕೋಟುಗಳ ನಡುವೆ ಇಟ್ಟಳು. "ನಿಮ್ಮ ಕಾಜ ತಗೊಂಡು ಒಳಗೇ ಬನ್ನಿ. ಸೂಜಿಗೇನು ಸದ್ದಿಲ್ಲ" ಎಂದಳು. ಅವನು ಪ್ಯಾಂಟೊಂದನ್ನು ಮಡಿಲಿಗೆ ಹಾಕಿಕೊಂಡು, ಶಾಲೆಗೆ ಹೊಸದಾಗಿ ಬಂದವನ ಹಾಗೆ ಮೊಣಕಾಲು ಜೋಡಿಸಿ ಕೂತ.

ತಮ್ಮ ಬರುವ ಅಧ್ಯಾಯ ಅದು. ದಡದ ದೀಪದ ಹತ್ತಿರ ಯಾರೋ ನಡೆದು ಬರುತ್ತಾರೆ, ಅಣ್ಣನಿಗೆ ಮುಖ ಕಾಣುವುದಿಲ್ಲ, ಹೆಜ್ಜೆಯಷ್ಟೇ ಕೇಳುತ್ತದೆ. ಅಲ್ಲಿಗೆ ಬಂದಾಗ ಗಮನಕ್ಕ ಯಾಕೋ ಪುಸ್ತಕದಿಂದ ಕಣ್ಣೆತ್ತಿದಳು. ಟೈಲರಪ್ಪನ ಸೂಜಿ ಗಾಳಿಯಲ್ಲೇ ನಿಂತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ತುಂಬಿದ್ದು ಅವನಿಗೇ ಗೊತ್ತಿರಲಿಲ್ಲ. ಸಾವಿರಾರು ಜನರಿಗೆ ಹೇಳಿದ್ದಾಳೆ, ನೂರಾರು ಜನರಿಗೆ ಓದಿದ್ದಾಳೆ, ತನ್ನ ದನಿ ಹೋಗಿ ಸೇರುವ ಒಂದು ಮುಖವನ್ನು ಗಮನಕ್ಕ ನೋಡಿದ್ದು ಅದೇ ಮೊದಲು. ಆಕೆಯ ಮಾತು ಅಲ್ಲಿಗೇ ನಿಂತುಹೋಯಿತು.

"ಮುಂದೆ?" ಎಂದ ಟೈಲರಪ್ಪ.

ಆಕೆ ಮುಂದಕ್ಕೆ ಓದಿದಳು. ಸಂಜೆ ಮೇಷ್ಟ್ರು ಫೋನ್ ಮಾಡಿದರು. "ಅಕ್ಕಾ, ದನಿ ತಿಳಿಯಾಗಿದೆ. ನಡುವೆ ಒಂದು ಕಡೆ 'ಮುಂದೆ?' ಅಂತ ಇದೆ. ಪುಸ್ತಕದಲ್ಲಿ ಇಲ್ಲ ಅದು. ತೆಗೆದುಬಿಡಲಾ?"

"ಬೇಡ ಮೇಷ್ಟ್ರೇ, ಇರಲಿ" ಎಂದಳು ಗಮನಕ್ಕ.

ಮೇಷ್ಟ್ರು ಅದನ್ನು ತೆಗೆಯಲಿಲ್ಲ. ಆ ಅಧ್ಯಾಯದಲ್ಲಿ ಅದು ಹಾಗೆಯೇ ಇದೆ.